ಹಳೇ ಕಂಪ್ಯೂಟರಿನಲ್ಲಿ ಮದುವೆ ಡಿವಿಡಿ ಎಡಿಟಿಂಗ್: ವರ್ಷಗಟ್ಟಲೆ ಬಳಸಿದ ಅವಿಡೆಮಕ್ಸ್ ಬಗ್ಗೆ

ಅವಿಡೆಮಕ್ಸ್ ವಿಡಿಯೊ ಎಡಿಟ್ ಮಾಡುವ ಉಚಿತ ಸಾಫ್ಟ್‌ವೇರ್. ವಿಂಡೋಸ್‌ನಲ್ಲೂ ನಡೆಯುತ್ತದೆ, ಲಿನಕ್ಸ್‌ನಲ್ಲೂ ನಡೆಯುತ್ತದೆ. ನಾನು ಅದನ್ನು ಬಳಸುವುದು ಒಂದೇ ಕೆಲಸಕ್ಕೆ. ಕೊಪ್ಪಳದ ನಮ್ಮ ಮನೆ, ಗಂಗಾವತಿಯ ಅಕ್ಕನ ಮನೆ, ಸೋದರಮಾವನ ಮನೆ, ಹೀಗೆ ಎಲ್ಲರ ಟ್ರಂಕಿನಲ್ಲೂ ಬಿದ್ದಿದ್ದ ಮದುವೆ, ಜಾವಳ, ಗೃಹಪ್ರವೇಶದ ವಿಡಿಯೊಗಳನ್ನು ಕತ್ತರಿಸಿ, ಕೂತು ನೋಡುವ ಹಾಗೆ ಮಾಡುವುದು. ಎಲ್ಲವೂ ಮೊದಲು ವಿಎಚ್‌ಎಸ್ ಕ್ಯಾಸೆಟ್, ಆಮೇಲೆ ಅಂಗಡಿಗೆ ಕೊಟ್ಟು ಡಿವಿಡಿ ಮಾಡಿಸಿದ್ದು. ನನ್ನ ಕಂಪ್ಯೂಟರ್ ಹಳೇ ಐ3, 4 ಜಿಬಿ ರ‍್ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ.

ಇಂಥ ಕಂಪ್ಯೂಟರಿಗೆ ಈ ಸಾಫ್ಟ್‌ವೇರ್ ಯಾಕೆ ಹೊಂದುತ್ತದೆ ಅಂದರೆ, ಇದು ವಿಡಿಯೊವನ್ನು ಮತ್ತೆ ಎನ್‌ಕೋಡ್ ಮಾಡದೇ, ಅಂದರೆ ಚಿತ್ರವನ್ನೆಲ್ಲ ಬಿಚ್ಚಿ ಹೊಸದಾಗಿ ಕುಗ್ಗಿಸಿ ಬರೆಯದೇ, ಕತ್ತರಿಸುತ್ತದೆ. ಎಡಗಡೆ ವಿಡಿಯೊ, ಆಡಿಯೊ ಎರಡಕ್ಕೂ 'ಕಾಪಿ' ಅಂತ ಇಟ್ಟು, ಬೇಡದ ಜಾಗಕ್ಕೆ ಎ ಮತ್ತು ಬಿ ಗುರುತು ಹಾಕಿ, ಡಿಲೀಟ್ ಒತ್ತಿ, ಸೇವ್ ಮಾಡಿದರೆ ಮುಗಿಯಿತು. ಪ್ರೊಸೆಸರಿಗೆ ಹೆಚ್ಚು ಕೆಲಸವೇ ಇಲ್ಲ, ಫೈಲ್ ಕಾಪಿ ಆಗುವಷ್ಟೇ ಹೊತ್ತು. ಗುಣಮಟ್ಟವೂ ಒಂದು ಚೂರು ಕೆಡುವುದಿಲ್ಲ. ಕ್ಯಾಸೆಟ್‌ನಿಂದ ಡಿವಿಡಿಗೆ ಬರುವಾಗಲೇ ಚಿತ್ರ ಒಮ್ಮೆ ಸೊರಗಿರುತ್ತದೆ, ಮತ್ತೊಮ್ಮೆ ಎನ್‌ಕೋಡ್ ಮಾಡಿ ಅದನ್ನು ಇನ್ನೂ ಸೊರಗಿಸುವುದು ನನಗೆ ಇಷ್ಟವಿಲ್ಲ.

ಒಂದು ಮಿತಿ ಇದೆ. ಕಾಪಿ ಮಾಡುವಾಗ ಬೇಕಾದ ಫ್ರೇಮಿನಲ್ಲೇ ಕತ್ತರಿಸಲು ಬರುವುದಿಲ್ಲ, ಕೀ ಫ್ರೇಮ್, ಅಂದರೆ ಚಿತ್ರ ಪೂರ್ತಿಯಾಗಿ ಬರೆದಿರುವ ಫ್ರೇಮ್, ಇರುವ ಕಡೆಯೇ ಕತ್ತರಿಸಬೇಕು. ಆದರೆ ಡಿವಿಡಿಯಲ್ಲಿ ಇದು ದೊಡ್ಡ ತೊಂದರೆ ಅಲ್ಲ. ನಮ್ಮ ಕಡೆಯ ಡಿವಿಡಿಗಳು ಪಾಲ್ ಅನ್ನುವ ಟಿವಿ ಪದ್ಧತಿಯವು: 720×576 ಅಳತೆ, ಸೆಕೆಂಡಿಗೆ 25 ಫ್ರೇಮ್, ಎಂಪೆಗ್-2. ಅದರಲ್ಲಿ ಸಾಮಾನ್ಯವಾಗಿ ಅರ್ಧ ಸೆಕೆಂಡಿಗೊಂದು ಕೀ ಫ್ರೇಮ್ ಸಿಗುತ್ತದೆ. ಮೇಲಿನ, ಕೆಳಗಿನ ಬಾಣದ ಕೀ ಒತ್ತಿದರೆ ನೇರ ಮುಂದಿನ ಅಥವಾ ಹಿಂದಿನ ಕೀ ಫ್ರೇಮಿಗೆ ಹೋಗುತ್ತದೆ. ತಾಳಿ ಕಟ್ಟುವ ಗಳಿಗೆಗೆ ಅರ್ಧ ಸೆಕೆಂಡ್ ಮೊದಲಿನಿಂದ ಶುರುವಾದರೆ ಯಾರಿಗೆ ನಷ್ಟ?

ಡಿಸ್ಕ್‌ನಿಂದಲೇ ಫೈಲ್ ತೆರೆಯಬೇಡಿ. ಮೊದಲು 'ವಿಡಿಯೊ ಟಿಎಸ್' ಫೋಲ್ಡರನ್ನು ಪೂರ್ತಿ ಹಾರ್ಡ್ ಡಿಸ್ಕಿಗೆ ಹಾಕಿಕೊಳ್ಳಿ. ಮನೆ ವಿಡಿಯೊ ಡಿವಿಡಿಗೆ ಸಿನಿಮಾ ಡಿವಿಡಿಯ ಹಾಗೆ ಬೀಗ ಇರುವುದಿಲ್ಲ, ಸುಮ್ನೆ ಕಾಪಿ ಪೇಸ್ಟ್ ಸಾಕು. ಒಳಗೆ ವಿಓಬಿ ಅನ್ನುವ ಫೈಲುಗಳಿರುತ್ತವೆ, ಒಂದೊಂದೂ ಹೆಚ್ಚೆಂದರೆ 1 ಜಿಬಿ. ಅಂದರೆ ಒಂದೇ ಮದುವೆ ನಾಲ್ಕೈದು ತುಂಡಾಗಿರುತ್ತದೆ, ತುಂಡಾದ ಜಾಗ ಒಮ್ಮೊಮ್ಮೆ ಮಂತ್ರದ ನಡುವೆಯೇ ಇರುತ್ತದೆ. ಮೊದಲನೆಯದನ್ನು ತೆರೆದರೆ ಉಳಿದವನ್ನೂ ಸಾಲಾಗಿ ಸೇರಿಸಲೇ ಅಂತ ಅವಿಡೆಮಕ್ಸ್ ತಾನೇ ಕೇಳುತ್ತದೆ. ಹೌದು ಅನ್ನಿ. ಇಂಡೆಕ್ಸ್ ಮಾಡಲು, ಅಂದರೆ ಯಾವ ಫ್ರೇಮ್ ಎಲ್ಲಿದೆ ಅಂತ ಪಟ್ಟಿ ಮಾಡಿಕೊಳ್ಳಲು, ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತದೆ, ಪಕ್ಕದಲ್ಲೇ ಒಂದು ಚಿಕ್ಕ ಫೈಲ್ ಕೂಡ ಬರೆದಿಡುತ್ತದೆ, ಅದಕ್ಕೇ ಹಾರ್ಡ್ ಡಿಸ್ಕ್ ಬೇಕು ಅಂದದ್ದು. ಸೇವ್ ಮಾಡುವಾಗ ಎಂಕೆವಿ ಅನ್ನುವ ಫೈಲ್ ಬಗೆಯನ್ನು ಆರಿಸಿಕೊಳ್ಳುತ್ತೇನೆ.

ಫೋನಿಗೆ ಕಳಿಸಬೇಕು ಅಂದರೆ ಮಾತ್ರ ಎನ್‌ಕೋಡ್ ಬೇಕೇ ಬೇಕು. ಹಳೇ ವಿಡಿಯೊ ಇಂಟರ್‌ಲೇಸ್ ಆಗಿರುತ್ತದೆ, ಅಂದರೆ ಒಂದೊಂದು ಚಿತ್ರವೂ ಗೆರೆ ಬಿಟ್ಟು ಗೆರೆ ಎರಡು ಭಾಗವಾಗಿರುತ್ತದೆ. ಆಗಿನ ಡಬ್ಬಿ ಟಿವಿಯಲ್ಲಿ ಗೊತ್ತಾಗುತ್ತಿರಲಿಲ್ಲ, ಈಗಿನ ಪರದೆಯಲ್ಲಿ ಯಾರಾದರೂ ಬೇಗ ಕೈ ಆಡಿಸಿದರೆ ಬಾಚಣಿಕೆ ಹಲ್ಲಿನ ಹಾಗೆ ಅಡ್ಡ ಗೆರೆ ಕಾಣುತ್ತವೆ. ಫಿಲ್ಟರುಗಳಲ್ಲಿ ಯಾಡಿಫ್ ಅನ್ನುವುದನ್ನು ಹಾಕಿದರೆ ಅವು ಹೋಗುತ್ತವೆ. ಆಮೇಲೆ ಅಳತೆಯನ್ನು 768×576ಕ್ಕೆ ತನ್ನಿ, ಇಲ್ಲದಿದ್ದರೆ ಮದುಮಕ್ಕಳು ತೆಳ್ಳಗೆ, ಉದ್ದಕ್ಕೆ ಎಳೆದ ಹಾಗೆ ಕಾಣುತ್ತಾರೆ. ಕ್ಯಾಸೆಟ್‌ನಿಂದ ಬಂದದ್ದಕ್ಕೆ ಕೆಳ ಅಂಚಿನಲ್ಲಿ ಹರಿದಂತಹ ಪಟ್ಟಿ ಒಂದು ಇದ್ದೇ ಇರುತ್ತದೆ. ಅದು ಡಿವಿಡಿ ಮಾಡಿದವರ ತಪ್ಪಲ್ಲ, ವಿಎಚ್‌ಎಸ್‌ನ ಗುಣವೇ ಹಾಗೆ, ಟಿವಿಯ ಚೌಕಟ್ಟು ಅದನ್ನು ಮುಚ್ಚುತ್ತಿತ್ತು ಅಷ್ಟೇ. ಅಂಚನ್ನು ಕಪ್ಪು ಮಾಡುವ ಫಿಲ್ಟರ್ ಇದೆ, ಅದನ್ನು ಹಾಕುತ್ತೇನೆ. ಇಷ್ಟೆಲ್ಲ ಹಚ್ಚಿ ರಾತ್ರಿ ಬಿಟ್ಟು ಮಲಗುವುದು ನನ್ನ ರೂಢಿ. ಯುಪಿಎಸ್ ಇಲ್ಲದೆ ಇದಕ್ಕೆ ಕೈ ಹಾಕುವುದಿಲ್ಲ, ಬೇಸಿಗೆಯಲ್ಲಿ ಕರೆಂಟ್ ಹೋದರೆ ಎನ್‌ಕೋಡ್ ಮತ್ತೆ ಮೊದಲಿನಿಂದ.

ಇನ್ನು ನನಗೆ ಎಲ್ಲಕ್ಕಿಂತ ಬೆಲೆ ಇರುವ ವಿಷಯ ಧ್ವನಿ. ಆ ಕಾಲದ ಮದುವೆ ವಿಡಿಯೊ ನೋಡಿದವರಿಗೆ ಗೊತ್ತು, ಮಿಕ್ಸಿಂಗ್ ಮಾಡಿದವರು ಉದ್ದಕ್ಕೂ ಸಿನಿಮಾ ಹಾಡು ಹಾಕಿಬಿಡುತ್ತಿದ್ದರು. ಹೂವಿನೊಳಗೆ ಮದುಮಗಳ ಮುಖ, ಮೇಲೆ ಹಾಡು. ಅಲ್ಲಿ ನಿಂತವರ ಮಾತು ಒಂದೂ ಉಳಿದಿಲ್ಲ. ಇದರ ಮೇಲೆ ನನಗೆ ಈಗಲೂ ಸಿಟ್ಟಿದೆ. ಅಕ್ಕನ ಮದುವೆಯಲ್ಲಿ ಸುರಗಿ ಸುತ್ತುವಾಗ ಎರಡು ಹಾಡಿನ ನಡುವೆ ಒಂದಿಷ್ಟು ಜಾಗ ಖಾಲಿ ಬಿಟ್ಟಿದ್ದಾರೆ, ಅಲ್ಲಿ ಅಜ್ಜಿ ಸೋಬಾನೆ ಪದ ಹೇಳುವುದು ಕೇಳಿಸುತ್ತದೆ. ಮೊದಲು ಅಜ್ಜಿಯ ಕೆಮ್ಮು, ಆಮೇಲೆ ಪದ, ಹಿಂದಿನಿಂದ ದೊಡ್ಡವ್ವ ದನಿ ಕೂಡಿಸುತ್ತಾಳೆ, ಮತ್ತೆ ಸಿನಿಮಾ ಹಾಡು ಬಂದು ಮುಚ್ಚುತ್ತದೆ. ಅಷ್ಟಕ್ಕೆ ಎ, ಬಿ ಗುರುತು ಹಾಕಿ, ಆಡಿಯೊ ಮೆನುವಿನಲ್ಲಿ ಧ್ವನಿಯನ್ನಷ್ಟೇ ಸೇವ್ ಮಾಡಿದೆ. ಅಜ್ಜಿ ಈಗ ಇಲ್ಲ. ಅವಳ ದನಿ ನಮ್ಮ ಮನೆಯಲ್ಲಿ ಇರುವುದು ಇದೊಂದೇ. ಅಕ್ಕನಿಗೆ ಕಳಿಸಿದಾಗ, "ಇದನ್ನ ಎಲ್ಲೆಲ್ಲಿ ಇಡಬೇಕೋ ಅಲ್ಲೆಲ್ಲ ಇಟ್ಟುಬಿಡು ತಮ್ಮಾ" ಅಂದಳು.

ಕೊರತೆಗಳೂ ಇವೆ. ಇದರಲ್ಲಿ ಟೈಮ್‌ಲೈನ್ ಮೇಲೆ ಎರಡು ಮೂರು ಪದರ ಹಾಕಿ ಕೆಲಸ ಮಾಡಲು ಆಗುವುದಿಲ್ಲ, ಒಂದೇ ಸಾಲು. ಮೊದಲ ಸಲ ತೆರೆದವರಿಗೆ ಮುಖಪುಟ ಒಣ ಒಣ ಅನಿಸುತ್ತದೆ. ಕನ್ನಡದಲ್ಲಿ ಹೆಸರು, ಊರು ಹಾಕಬೇಕು ಅಂದಾಗ ನಾನು ಶಾಟ್‌ಕಟ್ ಅನ್ನುವ ಇನ್ನೊಂದು ಎಡಿಟಿಂಗ್ ಸಾಫ್ಟ್‌ವೇರಿಗೆ ಹೋಗುತ್ತೇನೆ, ಅದೂ ಉಚಿತ, ಒತ್ತಕ್ಷರ ಸರಿಯಾಗಿ ಮೂಡುತ್ತದೆ. ಆದರೆ ಅಲ್ಲಿ ಎಲ್ಲವೂ ಎನ್‌ಕೋಡ್ ಆಗಲೇಬೇಕು, ನನ್ನ 4 ಜಿಬಿಯಲ್ಲಿ ಬ್ರೌಸರ್ ಮುಚ್ಚಿದರೂ ತಡವರಿಸುತ್ತದೆ. ಹಾಗಾಗಿ ಮೊದಲು ಅವಿಡೆಮಕ್ಸ್‌ನಲ್ಲಿ ಮೂರು ಗಂಟೆಯದನ್ನು ಅರ್ಧ ಗಂಟೆಗೆ ಇಳಿಸಿ, ಆ ತುಂಡನ್ನಷ್ಟೇ ಅಲ್ಲಿಗೆ ಒಯ್ಯುತ್ತೇನೆ. ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿಸಿದ ಮೇಲೆ ವಿಡಿಯೊ ತೆರೆಯುವುದು, ಸೇವ್ ಆಗುವುದು ಎರಡೂ ಬಹಳ ಚುರುಕಾದವು. ಹಣ ಹಾಕುವುದಿದ್ದರೆ ಅದಕ್ಕೇ ಹಾಕಿ, ದುಡ್ಡು ಕೊಟ್ಟು ಕೊಳ್ಳುವ ಎಡಿಟಿಂಗ್ ಸಾಫ್ಟ್‌ವೇರಿಗೆ ಅಲ್ಲ.

ಕೊನೆಗೆ ಡಿಸ್ಕ್ ವಿಷಯ. ಮನೆಯಲ್ಲೋ ಅಂಗಡಿಯಲ್ಲೋ ಬರೆಯುವ ಡಿವಿಡಿ-ಆರ್ ಡಿಸ್ಕಿನಲ್ಲಿ ಮಾಹಿತಿ ಕೂತಿರುವುದು ಒಂದು ಬಣ್ಣದ ಪದರದಲ್ಲಿ. ಬಿಸಿಲು, ಕಾವು ಅದಕ್ಕೆ ಆಗುವುದಿಲ್ಲ. ನಮ್ಮ ಕೊಪ್ಪಳ, ರಾಯಚೂರು ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ತಗಡಿನ ಮನೆಯ ಟ್ರಂಕಿನೊಳಗೆ ಇನ್ನೂ ಜಾಸ್ತಿ. ಸೋದರಮಾವನ ಒಂದು ಡಿಸ್ಕ್ ಕೊನೆಯ ಭಾಗದಲ್ಲಿ ಓದಲೇ ಇಲ್ಲ. ಬೇರೆ ಡ್ರೈವಿನಲ್ಲಿ ಹಾಕಿದಾಗ ಸ್ವಲ್ಪ ಬಂತು, ಉಳಿದದ್ದಕ್ಕೆ ಕೆಟ್ಟ ಡಿಸ್ಕಿನಿಂದ ಮಾಹಿತಿ ಎತ್ತುವ ಲಿನಕ್ಸ್‌ನ ಡಿಡಿರೆಸ್ಕ್ಯೂ ಹಚ್ಚಿ ಬಹುಪಾಲು ತೆಗೆದೆ. ಅದು ಚೆನ್ನಾಗಿರುವ ಭಾಗವನ್ನು ಮೊದಲು ಎತ್ತಿಕೊಂಡು, ಕೆಟ್ಟ ಜಾಗಕ್ಕೆ ಆಮೇಲೆ ಮತ್ತೆ ಮತ್ತೆ ಬರುತ್ತದೆ. ಬೀಗರ ಊಟದ ಕೊನೆಯ ಪಂಕ್ತಿ ಮಾತ್ರ ಸಿಗಲಿಲ್ಲ. ಲ್ಯಾಪ್‌ಟಾಪಿನಲ್ಲಿ ಡ್ರೈವ್ ಇಲ್ಲದವರಿಗೆ ಯುಎಸ್‌ಬಿ ಡಿವಿಡಿ ಡ್ರೈವ್ ಸಾಕು. ಈ ಬೇಸಿಗೆ ಬರುವುದರೊಳಗೆ ಡಿಸ್ಕ್‌ಗಳನ್ನು ಕಾಪಿ ಮಾಡಿ ಇಟ್ಟುಕೊಳ್ಳಿ, ಎಡಿಟಿಂಗ್ ಬಿಡುವಾದಾಗ ಮಾಡಬಹುದು.