ತೊಡೆಯ ಗುಳಿಗಳಿಗೆ 43,420 ರೂಪಾಯಿ: ಹದಿನಾಲ್ಕು ತಿಂಗಳ ಲೆಕ್ಕ

2024ರ ಜನವರಿಯಲ್ಲಿ ಬೆಳಗಾವಿಯ ಟಿಳಕವಾಡಿಯ ಸಲೂನೊಂದರಲ್ಲಿ ಸೆಲ್ಯುಲೈಟ್, ಅಂದರೆ ತೊಡೆಯ ಚರ್ಮದಲ್ಲಿ ಬೀಳುವ ಗುಳಿ-ಉಬ್ಬುಗಳ, ಚಿಕಿತ್ಸೆಗೆ ಹತ್ತು ಸಿಟ್ಟಿಂಗ್‌ಗಳ ಪ್ಯಾಕೇಜ್ ತೆಗೆದುಕೊಂಡೆ. ದಿನವೂ ಸೀರೆ ಉಟ್ಟು ಶಾಲೆಗೆ ಹೋಗುವವಳಿಗೆ ತೊಡೆಯ ಚಿಂತೆ ಏಕೆ ಎಂದು ಅವ್ವ ಕೇಳಿದ್ದಳು. ಎರಡನೆಯ ಹೆರಿಗೆಯ ನಂತರ ನನ್ನ ಕಾಲುಗಳನ್ನು ನೋಡಿಕೊಳ್ಳಲು ನಾನೇ ಹಿಂಜರಿಯುತ್ತಿದ್ದೆ. ಆ ಕಾರಣ ಸಾಕು ಎಂದು ಈಗಲೂ ನಂಬಿದ್ದೇನೆ. ಆದ್ದರಿಂದ ಈ ಆಸೆ ಇರುವವರನ್ನು ಹಳಿಯಲು ಇದನ್ನು ಬರೆಯುತ್ತಿಲ್ಲ.

ಪ್ಯಾಕೇಜ್ 24,000 ರೂಪಾಯಿ, ಆಗಿನ ಶೇ 18 ಜಿಎಸ್‌ಟಿ ಸೇರಿ 28,320. ಆಮೇಲೆ ಫಲ ಉಳಿಯಬೇಕೆಂದರೆ ತಿಂಗಳಿಗೊಂದು ಸಿಟ್ಟಿಂಗ್ ಬೇಕು ಎಂದರು. ತೆರಿಗೆ ಸೇರಿ 2,950ರಂತೆ ನಾಲ್ಕು ತಿಂಗಳು, 11,800. ಕೆಫೀನ್ ಇರುವ ಕ್ರೀಮ್ ಎರಡು ಟ್ಯೂಬ್, 3,300. (2025ರ ಸೆಪ್ಟೆಂಬರ್ 22ರಿಂದ ಸಲೂನ್ ಸೇವೆಗಳಿಗೆ ಜಿಎಸ್‌ಟಿ ಶೇ 5ಕ್ಕೆ ಇಳಿದಿದೆ, ಬಿಲ್ ನೋಡಿ ಕೇಳಿ.)

ಯಂತ್ರದ ತಲೆಯಲ್ಲಿ ಚರ್ಮವನ್ನು ಮೇಲಕ್ಕೆ ಹೀರಿ ಹಿಡಿಯುವ ನಿರ್ವಾತ, ಹೊರಳುವ ರೋಲರ್‌ಗಳು ಮತ್ತು ಬಿಸಿ ಕೊಡುವ ರೇಡಿಯೊ ತರಂಗ, ಮೂರೂ ಇದ್ದವು. ನೋವಿರಲಿಲ್ಲ. ಇಡೀ ದಿನ ನಿಂತು ಪಾಠ ಮಾಡಿದ ಕಾಲಿಗೆ ಅದು ಹಿತವಾಗಿಯೇ ಇತ್ತು. ಯಂತ್ರ ಹಿಡಿಯುತ್ತಿದ್ದ ಹುಡುಗಿಯ ಕೈ ಬಹಳ ಹದವಾಗಿತ್ತು. ಅವಳ ಕೆಲಸದ ಬಗ್ಗೆ ನನ್ನದೇನೂ ದೂರಿಲ್ಲ.

ದೂರು ಇರುವುದು ಫೋಟೊಗಳ ಬಗ್ಗೆ. ಚಿಕಿತ್ಸೆಗೆ ಮುಂಚಿನದನ್ನು ಅವರು ತಲೆಯ ಮೇಲಿನ ಒಂದೇ ದೀಪದ ಕೆಳಗೆ ತೆಗೆದರು. ಮೇಲಿಂದ ಬೆಳಕು ಬಿದ್ದರೆ ಪ್ರತಿ ಗುಳಿಗೂ ನೆರಳು ಮೂಡುತ್ತದೆ. ಐದು ವಾರಗಳ ನಂತರದ್ದನ್ನು ಎದುರಿನಿಂದ ಫ್ಲ್ಯಾಷ್ ಹಾಕಿ ತೆಗೆದು, ‘ನೋಡಿ ಮೇಡಂ, ಅರ್ಧ ಹೋಗಿದೆ’ ಎಂದರು. ನಾನು ಮೊದಲ ದಿನದಿಂದಲೂ ಮನೆಯಲ್ಲಿ, ಅದೇ ಕಿಟಕಿಯ ಪಕ್ಕ, ಬೆಳಗಿನ ಎಂಟು ಗಂಟೆಗೆ ಫೋಟೊ ತೆಗೆದಿಟ್ಟಿದ್ದೆ. ಅದರಲ್ಲಿ ಅರ್ಧವೇನೂ ಹೋಗಿರಲಿಲ್ಲ. ಚರ್ಮ ನುಣುಪಾಗಿತ್ತು, ಚಿಕ್ಕ ಗುಳಿಗಳು ಸ್ವಲ್ಪ ತುಂಬಿದ್ದವು, ದೊಡ್ಡವು ಹಾಗೆಯೇ ಇದ್ದವು. ಟೇಪಿನಲ್ಲಿ ಸಿಟ್ಟಿಂಗ್ ಮುಗಿದ ಕೂಡಲೇ ಒಂದು ಸೆಂಟಿಮೀಟರ್ ಕಡಿಮೆ, ಮರುದಿನ ಮತ್ತೆ ಮೊದಲಿನಷ್ಟೇ. ಜುಲೈನಲ್ಲಿ ಬಿಟ್ಟೆ. ಅಕ್ಟೋಬರ್‌ನ ಫೋಟೊವನ್ನು ಜನವರಿಯದರ ಪಕ್ಕ ಇಟ್ಟರೆ ಯಾವುದು ಯಾವುದೆಂದು ಹೇಳಲಾಗುತ್ತಿರಲಿಲ್ಲ. 2025ರ ಮಾರ್ಚ್‌ನದ್ದೂ ಹಾಗೆಯೇ.

ಏಕೆ ಹೀಗೆ ಎಂದು ಕೊನೆಗೆ ಚರ್ಮವೈದ್ಯರೊಬ್ಬರ ಬಳಿ ಕೇಳಿದೆ. ಚರ್ಮದ ಕೆಳಗೆ ನಾರಿನಂಥ ಎಳೆಗಳು ಚರ್ಮವನ್ನು ಒಳಕ್ಕೆ ಎಳೆದು ಹಿಡಿದಿರುತ್ತವೆ, ನಡುವಿನ ಕೊಬ್ಬು ಮೇಲಕ್ಕೆ ಉಬ್ಬುತ್ತದೆ. ದಿಂಬಿಗೆ ಅಲ್ಲಲ್ಲಿ ಹೊಲಿಗೆ ಹಾಕಿದಂತೆ. ಹೆಂಗಸರಲ್ಲಿ ಆ ಎಳೆಗಳು ನೆಟ್ಟಗೆ ನಿಂತಿರುತ್ತವೆ, ಗಂಡಸರಲ್ಲಿ ಓರೆಯಾಗಿ ಹೆಣೆದುಕೊಂಡಿರುತ್ತವೆ. ಪ್ರಾಯಕ್ಕೆ ಬಂದ ಹೆಂಗಸರಲ್ಲಿ ಶೇ 80ಕ್ಕಿಂತ ಹೆಚ್ಚಿನವರಿಗೆ, ತೆಳ್ಳಗಿರುವವರಿಗೂ, ಇದು ಇರುವುದು ಅದಕ್ಕೇ. ಮಸಾಜ್ ನೀರನ್ನು ಸರಿಸುತ್ತದೆ, ಬಿಸಿ ಚರ್ಮವನ್ನು ಕೆಲವು ದಿನ ಬಿಗಿಗೊಳಿಸುತ್ತದೆ, ಎಳೆ ಮಾತ್ರ ಹಾಗೆಯೇ ಉಳಿಯುತ್ತದೆ. ಅದನ್ನು ಸೂಜಿಯಿಂದ ಕತ್ತರಿಸುವ ಸಬ್ಸಿಷನ್ ಎಂಬ ವಿಧಾನವಿದೆ. ಅದು ವೈದ್ಯರ ಕೆಲಸ, ಸಲೂನಿನದಲ್ಲ. ಎಳೆಗಳನ್ನು ಕರಗಿಸುವ ಕ್ವೊ ಎಂಬ ಚುಚ್ಚುಮದ್ದಿಗೆ ಅಮೆರಿಕದಲ್ಲಿ 2020ರಲ್ಲಿ ಅನುಮತಿ ಸಿಕ್ಕಿತ್ತು. ಚರ್ಮ ಕಂದಿ, ಕಲೆ ಉಳಿಯುತ್ತದೆಂದು ತಯಾರಿಸಿದವರೇ ಎರಡೇ ವರ್ಷದಲ್ಲಿ ನಿಲ್ಲಿಸಿದರು.

ವೈದ್ಯರು ನನ್ನ ಮೀನಖಂಡದ ಉಬ್ಬಿದ ರಕ್ತನಾಳಗಳನ್ನು ನೋಡಿ, ‘ಯಂತ್ರ ಇಡುವ ಮೊದಲು ಇದರ ಬಗ್ಗೆ ಯಾರೂ ಕೇಳಲಿಲ್ಲವೇ?’ ಎಂದರು. ಯಾರೂ ಕೇಳಿರಲಿಲ್ಲ. ಹಣಕ್ಕಿಂತ ಹೆಚ್ಚು ನನಗೆ ಸಿಟ್ಟು ಬಂದಿರುವುದು ಇದಕ್ಕೆ. ಉಬ್ಬಿದ ನಾಳ, ಪೇಸ್‌ಮೇಕರ್, ಗರ್ಭ ಇರುವವರು ಸಲೂನಿನವರು ಕೇಳಲಿ ಎಂದು ಕಾಯದೆ ತಾವಾಗಿಯೇ ಹೇಳಿ, ಮೊದಲು ವೈದ್ಯರನ್ನು ಕಾಣಿರಿ.

ಮೊನ್ನೆ ಬಾಗಲಕೋಟೆಯಿಂದ ವೈನಿ ಫೋನ್ ಮಾಡಿ, ಮಗಳ ಮದುವೆಗೆ ಮುಂಚೆ ತಾವೂ ಮಾಡಿಸಿಕೊಳ್ಳಬೇಕೇ ಎಂದು ಕೇಳಿದರು. ಮಾಡಿಸಿಕೊಳ್ಳಿ ವೈನಿ, ಆದರೆ ಪ್ಯಾಕೇಜ್ ಬೇಡ, ಒಂದೇ ಸಿಟ್ಟಿಂಗ್‌ಗೆ ದುಡ್ಡು ಕೊಡಿ ಎಂದೆ. ಮುಂಚಿನ ಫೋಟೊವನ್ನೂ ಮೂರು ವಾರದ ನಂತರದ ಫೋಟೊವನ್ನೂ ನಿಮ್ಮ ಮನೆಯ ಕಿಟಕಿಯ ಬೆಳಕಿನಲ್ಲೇ ತೆಗೆದು ನನಗೆ ಕಳಿಸಿ, ಇಬ್ಬರೂ ಕೂಡಿ ನೋಡೋಣ ಎಂದಿದ್ದೇನೆ.