ಸ್ಕ್ಯಾನ್ ಇಲ್ಲದ ಆಸ್ಪತ್ರೆಗೆ 3 ಸ್ಟಾರ್ ಯಾಕೆ ಕೊಟ್ಟೆ

ನನ್ನ ತಮ್ಮನಿಗೆ 38 ವರ್ಷ. ಎಚ್‌ಐವಿ ಇದೆ, ಎಆರ್‌ಟಿ (ಎಚ್‌ಐವಿ ವೈರಸ್ ಹತ್ತಿಕ್ಕುವ) ಮಾತ್ರೆ ಶುರುವಾಗಿ 4 ತಿಂಗಳಾಗಿತ್ತು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನ ಬಾಯಿ ಸೊಟ್ಟಗಾಯಿತು, ಬ್ರಷ್ ಕೈಯಿಂದ ಜಾರಿತು. ಹತ್ತಿರದ ಸಣ್ಣ ಆಸ್ಪತ್ರೆಗೆ ಓಡಿದೆವು.

ಅಲ್ಲಿ ಸಿಟಿ ಸ್ಕ್ಯಾನ್ ಇಲ್ಲ. ಅದು ಅವರ ತಪ್ಪಲ್ಲ, ಆದರೆ ಬಾಗಿಲಲ್ಲೇ ಹೇಳಬಹುದಿತ್ತು. ಒಂದೂವರೆ ಗಂಟೆ ಚೀಟಿ ಮಾಡಿಸುತ್ತಾ ಕೂತಮೇಲೆ ಸ್ಕ್ಯಾನ್ ಮಾಡಿಸಿಕೊಂಡು ಬರಲು ಬೇರೆ ಕಡೆ ಕಳಿಸಿದರು. ಸ್ಟ್ರೋಕ್‌ನಲ್ಲಿ ರಕ್ತನಾಳ ಕಟ್ಟಿಕೊಂಡಿದೆಯಾ, ಒಡೆದಿದೆಯಾ ಅಂತ ಸ್ಕ್ಯಾನ್ ಇಲ್ಲದೆ ಗೊತ್ತಾಗುವುದಿಲ್ಲ, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬೇಕಾದರೆ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ತಮ್ಮನಿಗೆ ಅದರಿಂದ ಹೆಚ್ಚು ಉಪಯೋಗ ಆಗುತ್ತಿರಲಿಲ್ಲವೇನೋ, ಬೇರೆಯವರಿಗೆ ಆ ಒಂದೂವರೆ ಗಂಟೆ ದೊಡ್ಡದು.

ನರ್ಸ್‌ಗೆ ಮಾತ್ರ 5ಕ್ಕೆ 5. ತಮ್ಮ ನೀರು ಕೇಳಿದ, ನಾನು ಲೋಟ ಎತ್ತಿದೆ, ಅವರು ಕಿತ್ತುಕೊಂಡರು! ಮೊದಲು ಕೂರಿಸಿ, ಚಮಚದಲ್ಲಿ ಸ್ವಲ್ಪ ಸ್ವಲ್ಪ ಕೊಟ್ಟು, ಕೆಮ್ಮು ಬರುತ್ತಾ ಅಂತ ನೋಡಿದರು. ನುಂಗಲು ಆಗದವನಿಗೆ ನೀರು ಕೊಟ್ಟರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದಂತೆ.

ಡಾಕ್ಟರ್ ಕೂಡ ಬಿಪಿ ನೋಡಿ ಸುಮ್ನಾಗಲಿಲ್ಲ. ಎಚ್‌ಐವಿ ಇದ್ದವರಿಗೆ ಸಣ್ಣ ವಯಸ್ಸಲ್ಲಿ ಸ್ಟ್ರೋಕ್ ಆದರೆ ಸೋಂಕು ಹುಡುಕಲೇಬೇಕು, ಟಿಬಿ, ಸಿಫಿಲಿಸ್, ಕೆಲವು ಫಂಗಸ್ ಎಲ್ಲವೂ ಮೆದುಳಿನ ರಕ್ತನಾಳ ಕೆಡಿಸುತ್ತವೆ ಅಂದರು. ಎಆರ್‌ಟಿ ಶುರುವಾದ ಮೊದಲ 6 ತಿಂಗಳು ಅಪಾಯ ಜಾಸ್ತಿ, ಹಾಗಂತ ಮಾತ್ರೆ ಬಿಡಬಾರದು ಅಂತಲೂ ಹೇಳಿದರು. ಬೆನ್ನಿನಿಂದ ನೀರು ತೆಗೆದು ಪರೀಕ್ಷೆ ಮಾಡಿಸಿದಾಗ ಮೆದುಳಿನ ಪೊರೆಯ ಟಿಬಿ ಅಂತ ಗೊತ್ತಾಯಿತು.

ಫಿಸಿಯೋಥೆರಪಿ ಬಗ್ಗೆ ಏನು ಹೇಳಲಿ. ಎರಡು ಜೊತೆ ಗ್ಲೌಸ್ ಹಾಕಿಕೊಂಡು ಬೆರಳ ತುದಿಯಲ್ಲಿ ತಮ್ಮನ ಕೈ ಎತ್ತಿದರು. ಮುಟ್ಟಿದರೆ ಎಚ್‌ಐವಿ ಬರುವುದಿಲ್ಲ ಅಂತ ಅವರಿಗೂ ನಾವೇ ಹೇಳಬೇಕಾ?

ನನಗೆ ನಿಜವಾಗಿ ಸಿಟ್ಟು ಬಂದದ್ದು ಡಿಸ್ಚಾರ್ಜ್ ದಿನ. ಟಿಬಿಗೆ ಕೊಟ್ಟ ಮಾತ್ರೆಯಲ್ಲಿ ರಿಫಾಂಪಿಸಿನ್ ಇತ್ತು. ಅದು ಇದ್ದಾಗ ಎಆರ್‌ಟಿಯ ಡೊಲುಟೆಗ್ರಾವಿರ್ ಎಂಬ ಔಷಧಿ ದೇಹದಲ್ಲಿ ಬೇಗ ಕರಗಿಹೋಗುತ್ತದೆ, 50 ಮಿಲಿಗ್ರಾಂ ದಿನಕ್ಕೆ ಎರಡು ಸಲ ಬೇಕು. ಚೀಟಿಯಲ್ಲಿ ಒಂದೇ ಸಲ ಬರೆದಿದ್ದರು. ಎಆರ್‌ಟಿ ವಿಭಾಗ ಅದೇ ಕಟ್ಟಡದ ಕೆಳಗಡೆ ಇದೆ, ಆದರೆ ವಾರ್ಡಿನವರು ಅವರನ್ನು ಒಂದು ಮಾತೂ ಕೇಳಿರಲಿಲ್ಲ! ಮಾತ್ರೆ ತರಲು ಹೋದಾಗ ಅಲ್ಲಿಯ ಫಾರ್ಮಸಿಯವರೇ ಚೀಟಿ ನೋಡಿ ತಪ್ಪು ಹಿಡಿದರು.

ತಮ್ಮ ಈಗ ಎಡಗೈಯಲ್ಲಿ ಹಲ್ಲುಜ್ಜುತ್ತಾನೆ. ಅಲ್ಲಿಗೆ ಹೋಗುವವರು ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಖಾಲಿ ಡಬ್ಬಿಗಳನ್ನೂ ಜೊತೆಗೆ ಒಯ್ಯಿರಿ.