ಕಾಗೆಯ ಕಪ್ಪಿಗೆ ಬೇಕಾದ ನೀಲಿ: ವಯೇಹೋ ಡಾರ್ಕ್ ಪ್ರಷ್ಯನ್ ಬ್ಲೂ

ಮಿನಿಯೇಚರ್ ಕಾಗೆಗೆ, ಅಂದರೆ ಪುಟ್ಟ ಕಾಗೆಯ ಬೊಂಬೆಗೆ, ಬಣ್ಣ ಹಚ್ಚಲು ಕೂತವರು ಕಪ್ಪು ಬಾಟಲಿಯನ್ನು ಹೇಗೂ ತೆಗೆದುಕೊಳ್ಳುತ್ತಾರೆ. ಅದರ ಪಕ್ಕದಲ್ಲಿ ಇನ್ನೊಂದು ಬಾಟಲಿ ಇಟ್ಟುಕೊಳ್ಳಿ ಅಂತ ಹೇಳಲು ಇದನ್ನು ಬರೆಯುತ್ತಿದ್ದೇನೆ. ವಯೇಹೋ ಕಂಪನಿಯ ಮಾಡೆಲ್ ಕಲರ್ ಎಂಬ ಅಕ್ರಿಲಿಕ್ ಬಣ್ಣಗಳ ಸರಣಿಯ ಡಾರ್ಕ್ ಪ್ರಷ್ಯನ್ ಬ್ಲೂ (ಕಡು ನೀಲಿ), ನಂಬರ್ 70.899. ಕಾಗೆ, ಕಾಜಾಣ, ಗಂಡು ಕೋಗಿಲೆ, ಯಾವ ಕಪ್ಪು ಹಕ್ಕಿ ಮಾಡುವಾಗಲೂ ನನಗೆ ಇದು ಬೇಕೇ ಬೇಕು.

ಕಾರಣ ಗರಿಯಲ್ಲೇ ಇದೆ. ಕಾಗೆಯ ಗರಿ ಕಪ್ಪಗಿರುವುದು ಮೆಲನಿನ್ ಎಂಬ ಬಣ್ಣದ್ರವ್ಯದಿಂದ. ಅದರ ಮೇಲಿರುವ ಕೆರಟಿನ್ ಎಂಬ ಪ್ರೋಟೀನ್‌ನ ತೆಳು ಪದರಕ್ಕೆ ಬೆಳಕು ಬಿದ್ದಾಗ ನೀಲಿ, ನೇರಳೆ ಮಿರುಗು ಕಾಣುತ್ತದೆ. ಹಕ್ಕಿ ಸ್ವಲ್ಪ ತಿರುಗಿದರೂ ಆ ಮಿರುಗು ಜಾಗ ಬದಲಿಸುತ್ತದೆ. ನಾವು ಹಚ್ಚಿದ ನೀಲಿ ಮಾತ್ರ ಹಚ್ಚಿದಲ್ಲೇ ಉಳಿಯುತ್ತದೆ, ಅಲ್ವಾ? ಹಾಗಾಗಿ ಬೆಳಕು ಯಾವ ಕಡೆಯಿಂದ ಬೀಳುತ್ತಿದೆ ಅಂತ ಮೊದಲೇ ತೀರ್ಮಾನ ಮಾಡಬೇಕು. ಬೆನ್ನು, ಭುಜ, ರೆಕ್ಕೆಯ ಮೇಲ್ಭಾಗಕ್ಕೆ ನೀಲಿ ಬರಲಿ. ಹೊಟ್ಟೆಯ ಕಡೆ ಕಪ್ಪಾಗಿಯೇ ಇರಲಿ.

ಈ ಬಣ್ಣ ನನಗೆ ಇಷ್ಟವಾಗುವುದು ಅದರ ಗಾಂಭೀರ್ಯಕ್ಕೆ. ತಿಳಿ ನೀಲಿಗಳು ಕಪ್ಪಿನ ಮೇಲೆ ಕೂತರೆ ಬೇರೆಯಾಗಿ ಎದ್ದು ಕಾಣುತ್ತವೆ. ಇದು ಕಪ್ಪಿನೊಳಗೆ ಸೇರಿಕೊಳ್ಳುತ್ತದೆ. ಎರಡು ಪಾಲು ಕಪ್ಪಿಗೆ ಒಂದು ಪಾಲು ಇದನ್ನು ಬೆರೆಸಿ ಬೇಸ್ ಕೋಟ್, ಅಂದರೆ ಅಡಿಯ ಮೊದಲ ಪದರ, ಕೊಡುತ್ತೇನೆ. ಕಪ್ಪು ಕೂಡ ಇದೇ ಸರಣಿಯದ್ದು, 70.950. ಆಮೇಲೆ ನೀಲಿಯನ್ನು ಜಾಸ್ತಿ ಮಾಡುತ್ತಾ ಗರಿಯ ತುದಿಗಳಿಗೆ ಬರುತ್ತೇನೆ. ಕೊನೆಯ ಹೈಲೈಟ್‌ಗೆ, ಅಂದರೆ ಬೆಳಕು ಬಿದ್ದಂತೆ ಕಾಣಲು ಹಚ್ಚುವ ತಿಳಿ ಗೆರೆಗಳಿಗೆ, ನೀಲಿಗೆ ಚೂರು ನ್ಯೂಟ್ರಲ್ ಗ್ರೇ (ಬೂದು) ಬೆರೆಸುತ್ತೇನೆ. ಬಿಳಿ ಬೆರೆಸಬೇಡಿ, ಸುಣ್ಣ ಬಳಿದ ಹಾಗೆ ಆಗುತ್ತದೆ. 28 ಮಿ.ಮೀ. ಬೊಂಬೆಯ ಭುಜದ ಮೇಲೆ ಕೂತ ಕಾಗೆಗೆ ಗರಿಯ ಎಳೆಗಳನ್ನು ಬಿಡಿಸುವ ಪ್ರಯತ್ನವೇ ಬೇಡ. ಒಂದೊಂದು ಗರಿಯ ಅಂಚಿಗೆ ಒಂದು ಸಣ್ಣ ಗೆರೆ ಎಳೆದರೆ ಸಾಕು. ದೊಡ್ಡ ಮಾಡೆಲ್ ಆದರೆ ರೆಕ್ಕೆಯ ಉದ್ದ ಗರಿಗಳಿಗೆ ನಡುವಿನ ದಂಟನ್ನೂ ಬಿಡಿಸಬಹುದು. ಆ ಗರಿಗಳ ತುದಿಗೆ ತೀರಾ ತೆಳುವಾಗಿ ಕಂದು ಗ್ಲೇಜ್, ಅಂದರೆ ಅಡಿಯ ಬಣ್ಣ ಕಾಣುವಷ್ಟು ನೀರಾದ ಪದರ, ಕೊಟ್ಟು ನೋಡಿ. ಹಳೆಯ ಗರಿ ಬಿಸಿಲಿಗೆ ಹಾಗೇ ಕಂದಿರುತ್ತದೆ. ಹಕ್ಕಿಗೆ ಒಮ್ಮೆಲೇ ವಯಸ್ಸು ಬರುತ್ತದೆ, ಜೀವವೂ ಬರುತ್ತದೆ.

ಬಾಟಲಿಯನ್ನು ಚೆನ್ನಾಗಿ ಕುಲುಕಿಯೇ ಬಳಸಬೇಕು. ನೀರು ಬೆರೆಸಿ, ತೆಳುವಾಗಿ, ಒಂದರ ಮೇಲೊಂದು ಪದರ. ಅಕ್ರಿಲಿಕ್ ಒಣಗಿದಾಗ ಸ್ವಲ್ಪ ಕಪ್ಪಾಗುವುದರಿಂದ ಪ್ಯಾಲೆಟ್‌ನಲ್ಲಿ ಕಾಣುವುದನ್ನು ನಂಬಬೇಡಿ. ಹಳದಿ ಬಲ್ಬಿನ ಕೆಳಗೆ ಇದಕ್ಕೂ ಕಪ್ಪಿಗೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಹಗಲು ಬೆಳಕಿನಲ್ಲಿ ಕೂರುವುದು ಒಳ್ಳೆಯದು.

ತಿರುಗಿಸಿದಾಗ ಬಣ್ಣ ಬದಲಿಸುವ ಪೇಂಟ್‌ಗಳೂ ಸಿಗುತ್ತವೆ. ನಿಜವಾದ ಗರಿಯೂ ಹಾಗೇ ತಾನೆ ಅಂತ ಒಂದನ್ನು ತಂದು ಹಚ್ಚಿ ನೋಡಿದೆ. ಅದರ ಹೊಳಪಿನ ಕಣಗಳು ಇಷ್ಟು ಚಿಕ್ಕ ಹಕ್ಕಿಗೆ ತುಂಬಾ ದೊಡ್ಡವು. ಗರಿ ಕಾಣಲಿಲ್ಲ, ಕಾರಿನ ಬಾನೆಟ್ ಕಂಡಿತು. ಸೈನಿಕನ ಕವಚಕ್ಕೆ ಅದು ಚೆನ್ನ. ಕಾಗೆಗೆ ಬೇಡ.

ವಾರ್ನಿಷ್ ವಿಷಯದಲ್ಲಿ ನನ್ನದು ಹಟವೇ ಅನ್ನಿ. ಹೊಳಪಿಲ್ಲದ ಮ್ಯಾಟ್ ಹೊಡೆದರೆ ಕಪ್ಪೆಲ್ಲ ಬೂದು ಬಣ್ಣವಾಗುತ್ತದೆ, ಕಷ್ಟಪಟ್ಟು ತಂದ ಆಳ ಹೋಗುತ್ತದೆ. ಪೂರ್ತಿ ಹೊಳೆಯುವ ಗ್ಲಾಸ್ ಆದರೆ ಪ್ಲಾಸ್ಟಿಕ್‌ನಂತೆ ಕಾಣುತ್ತದೆ. ಮೈಗೆ ಅರೆ ಹೊಳಪಿನ ಸ್ಯಾಟಿನ್, ಕಣ್ಣಿಗೆ ಮಾತ್ರ ಒಂದು ಚುಕ್ಕಿ ಗ್ಲಾಸ್. ಕಾಲು ಮ್ಯಾಟ್ ಆಗಿದ್ದರೆ ಚಂದ. ಒಂದೇ ಹಕ್ಕಿಯಲ್ಲಿ ಮೂರು ಬಗೆಯ ಹೊಳಪು ಇದ್ದಾಗ ಬಣ್ಣ ಕಡಿಮೆ ಇದ್ದರೂ ಕಣ್ಣು ಅಲ್ಲೇ ನಿಲ್ಲುತ್ತದೆ.

ಕಪ್ಪು ಹಕ್ಕಿಗಳನ್ನು ಇಷ್ಟಪಡುವವರು ಈ ಬಾಟಲಿಯನ್ನು ಧೈರ್ಯವಾಗಿ ತೆಗೆದುಕೊಳ್ಳಿ. ಆದರೆ ಊರ ಕಾಗೆಯ ಕುತ್ತಿಗೆಯ ಬೂದು ಇದರಿಂದ ಬರುವುದಿಲ್ಲ, ಅದಕ್ಕೆ ಕಂದು ಬೆರೆತ ಬೂದು ಬೇರೆಯೇ ಬೇಕು. ಹದ್ದಿಗೂ ಇದನ್ನು ಹಚ್ಚಬೇಡಿ. ಅದರ ಕಡು ಕಂದು ಬಣ್ಣಕ್ಕೆ ನೀಲಿ ಸೇರಿದರೆ ಹಕ್ಕಿ ಮಂಕಾಗುತ್ತದೆ. ಅಲ್ಲಿ ಹೈಲೈಟ್‌ಗೆ ಮಣ್ಣಿನ ಬಣ್ಣವೇ ಸರಿ.